ಷಕಾರದ ಹೊಟ್ಟೆಗೆರೆ

“ಚೆಂದ ಬರೆದದ್ದಕ್ಕ ನಪಾಸ ಮಾಡೂ ಸಾಲಿ ಈ ಭೂಮಿ ಮ್ಯಾಲೆ ಇನ್ನೊಂದು ಐತೇನ್ರೀ? ಇದ್ರ ತೋರಸ್ರಿ, ನೋಡೂನು!”

“ದನಿ ತಗ್ಗಸು. ಇದು ಪರೀಕ್ಷಾ ಕೋಣೆ, ಸಂತಿ ಅಲ್ಲ.”

“ಕೈ ನಡುಗಲಿಲ್ಲ ಅಂತ ನಪಾಸ ಮಾಡಿದ್ರಿ. ಈಗ ದನೀನೂ ನಡುಗಬೇಕೇನು?”

“ನೋಡವಾ, ಯಂತ್ರ ಹೇಳಿದ್ದನ್ನ ನಾ ಹೇಳ್ತೀನಿ. ನನ್ನ ಮ್ಯಾಲೆ ಹರಿಹಾಯಬ್ಯಾಡ.”

“ಯಂತ್ರ ಹೇಳಿದ್ದನ್ನ ಹೇಳಾಕ ನೀವ್ಯಾಕ ಬೇಕ್ರಿ? ಅದಕ್ಕ ಬಾಯಿ ಐತೆಲ್ಲ!”

ಕೊನೆಯ ಮಾತು ನನಗೆ ಹಿಡಿಸಿತು. ಗಾಜಿನ ಗೋಡೆಯ ಈಚೆ, ಯಂತ್ರದ ಮುಂದೆ ಕೂತವನು ನಾನು. ಪ್ರಫುಲ್ಲ ದೇಸಾಯಿ ಯಾತಕ್ಕೆ ಬೇಕು ಎಂದು ಎರಡು ವರ್ಷದಿಂದ ನಾನೂ ಯೋಚಿಸುತ್ತಿದ್ದೆ. ಆತ ಗದಗಿನ ಸೃಜನಕೌಶಲ ಕೇಂದ್ರದ ನಿರ್ದೇಶಕ. ಜೀವಮಾನದಲ್ಲಿ ಒಂದು ಗೆರೆ ಎಳೆದವನಲ್ಲ. ಸಹಿಯನ್ನೂ ರಬ್ಬರ್ ಸ್ಟಾಂಪಿನಲ್ಲಿ ಒತ್ತುತ್ತಾನೆ. ಅವನ ಎದುರು ನಿಂತವಳು ಜೈಬುನ್ನಿಸಾ ನದಾಫ, ಇಪ್ಪತ್ತೊಂದು ವರ್ಷದ ಹುಡುಗಿ. ಅವಳ ಬಲಗೈ ಮಣಿಕಟ್ಟಿಗೆ ನಮ್ಮ ಯಂತ್ರದ ಅಳತೆಪಟ್ಟಿ ಇನ್ನೂ ಸುತ್ತಿಕೊಂಡಿತ್ತು. ಎದುರಿನ ಹಲಗೆಯ ಮೇಲೆ ಅವಳು ಕುಂಚದಲ್ಲಿ ಬರೆದ ‘ಮನುಷ್ಯ’ ಎಂಬ ಪದ ಹಸಿಯಾಗಿಯೇ ಇತ್ತು. ಪರೀಕ್ಷೆಗೆ ಬರುವ ಎಲ್ಲರೂ ಅದೊಂದೇ ಪದ ಬರೆಯಬೇಕು. ಅಷ್ಟು ಒಳ್ಳೆಯ ‘ಮನುಷ್ಯ’ನನ್ನು ಆ ಕೋಣೆ ಅದುವರೆಗೆ ಕಂಡಿರಲಿಲ್ಲ. ಅದರ ಮೇಲೆ ಕೆಂಪು ದೀಪದಲ್ಲಿ ಯಂತ್ರದ ತೀರ್ಪು: ಮೂವತ್ತೊಂದು. ಅರವತ್ತಕ್ಕಿಂತ ಕಡಿಮೆ ಬಂದರೆ ಬರೆದದ್ದು ಮನುಷ್ಯರ ಕೈ ಅಲ್ಲ.

ಮೊದಲ ಸಲ ಇಪ್ಪತ್ತೊಂಬತ್ತು ಬಂದಿತ್ತು. ಇದು ಎರಡನೆಯ ಸಲ. ಮೂರನೆಯದೇ ಕೊನೆ. ಅದರಲ್ಲೂ ಬಿದ್ದರೆ ಅವಳ ಹೆಸರು ‘ಯಂತ್ರಹಸ್ತ’ರ ಯಾದಿಗೆ ಸೇರುತ್ತದೆ. ಆಮೇಲೆ ಸಾಯುವ ತನಕ ಇದು ನನ್ನ ಕೈಯ ಕೆಲಸ ಎಂದು ಹೇಳಿ ಅವಳು ಒಂದು ಚುಕ್ಕೆಯನ್ನೂ ಮಾರುವಂತಿಲ್ಲ. ಧಾರವಾಡದ ಪ್ರಕಾಶಕರೊಬ್ಬರು ಒಂದನೇ ಇಯತ್ತೆಯ ಮಕ್ಕಳಿಗಾಗಿ ಅಕ್ಷರಪುಸ್ತಕವೊಂದನ್ನು ಅವಳಿಂದ ಬರೆಸಲು ಒಪ್ಪಿದ್ದರು. ಪುಟಕ್ಕೊಂದು ದೊಡ್ಡ ಅಕ್ಷರ. ಮಗು ಅದರ ಮೇಲೆ ಬೆರಳಾಡಿಸಿ ಬರೆಯುವುದನ್ನು ಕಲಿಯಬೇಕು. ಪರೀಕ್ಷೆ ಪಾಸಾಗಿ ಅವಳಿಗೆ ಮನುಷ್ಯಮುದ್ರೆ ಸಿಕ್ಕರೆ ಪುಸ್ತಕ ಅವಳದು. ಸಿಗದಿದ್ದರೆ ಬೇರೆ ಯಾರದೋ.

“ಇನ್ನ ಹದಿನೈದು ದಿನ ಅದ,” ಎಂದ ದೇಸಾಯಿ. “ಸಹಜದೋಷದ ಕ್ಲಾಸಿಗೆ ಬಾ. ಮೊದಲೇ ಬಾ ಅಂದಿದ್ದೆ. ಸೊಕ್ಕು ನಿನಗ, ಬರಲಿಲ್ಲ.”

“ತಪ್ಪು ಮಾಡೂದನ್ನ ಕಲಿಯಾಕ ಯಾರರ ಸಾಲಿಗೆ ಹೋಗ್ತಾರೇನ್ರೀ?”

“ಹೋಗ್ತಾರ. ಹೊರಗ ಅರವತ್ತು ಮಂದಿ ಕೂತಾರ, ನೋಡು ಹೋಗು.”

ಅವಳು ಪಟ್ಟಿ ಬಿಚ್ಚಿ ಮೇಜಿನ ಮೇಲೆ ಕುಕ್ಕಿದಳು. ಅದು ನನ್ನ ಪಟ್ಟಿ. ನಾನು ಗಾಜು ಬಡಿದು, “ಏ ಹುಡುಗಿ, ಮುರದ್ರ ನಿಮ್ಮಪ್ಪ ಬಂದು ರಿಪೇರಿ ಮಾಡ್ತಾನೇನು?” ಎಂದು ಕೂಗಿದೆ. ಅವಳು ನನ್ನ ಕಡೆ ತಿರುಗಿ, “ನಮ್ಮಪ್ಪ ಮುರದದ್ದನ್ನ ಬಣ್ಣ ಹಚ್ಚಿ ನಿಲ್ಲಸ್ತಾನ, ನಿಮ್ಮಂಗ ನಿಂತದ್ದನ್ನ ಮುರಿಯೂದಿಲ್ಲ,” ಎಂದಳು.

*

ಈ ಹುಚ್ಚಾಟ ಹೇಗೆ ಶುರುವಾಯಿತು ಎಂದು ಹೇಳಬೇಕು. ಮೊದಲು ಚಿತ್ರ ಬರೆಯುವ ಗಣಕಗಳು ಬಂದವು. ಲಗ್ನಪತ್ರಿಕೆ, ಸಿನಿಮಾ ಪೋಸ್ಟರು, ಅಂಗಡಿ ಬೋರ್ಡು, ಮಕ್ಕಳ ಕತೆಯ ಚಿತ್ರ, ಎಲ್ಲವನ್ನೂ ಅವೇ ಮಾಡಿದವು. ಜನ ಹತ್ತು ವರ್ಷ ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಅದೇ ಜನಕ್ಕೆ ಬೇಸರ ಬಂತು. ಎಲ್ಲಾ ಮುಖಗಳೂ ಒಂದೇ ಥರ ನಗುತ್ತವೆ, ಎಲ್ಲಾ ಸೂರ್ಯರೂ ಒಂದೇ ಥರ ಮುಳುಗುತ್ತಾರೆ ಎಂದು ಗೊಣಗಿದರು. ಮನುಷ್ಯರು ಕೈಯಾರೆ ಮಾಡಿದ್ದು ಬೇಕು ಎಂದು ಹಟ ಹಿಡಿದರು. ಊರಿನ ಪೇಂಟರುಗಳೆಲ್ಲ ಕುಂಚ ಕಟ್ಟಿಟ್ಟು ಎಗ್ ರೈಸ್ ಗಾಡಿ ಹಾಕಿಕೊಂಡ ಮೇಲೆ ಈ ರಸಿಕರಿಗೆ ಕೈಕೆಲಸದ ಮೇಲೆ ಪ್ರೀತಿ ಉಕ್ಕಿತು.

ಬೇಡಿಕೆ ಬಂದಲ್ಲಿ ಕಳ್ಳರು ಬರುತ್ತಾರೆ. ಕೈತೊಗಲು ಎಂಬ ವಸ್ತು ಬಂತು. ಮೊಣಕೈಯಿಂದ ಬೆರಳ ತುದಿಯವರೆಗೆ ಏರಿಸಿಕೊಳ್ಳುವ ತೆಳ್ಳನೆಯ ಚೀಲ ಅದು. ಒಳಗಿನ ತಂತಿಗಳು ಸಣ್ಣಗೆ ಕರೆಂಟು ಬಿಟ್ಟು ಸ್ನಾಯುಗಳನ್ನು ಎಳೆಯುತ್ತವೆ. ಹಾಕಿಕೊಂಡವನ ಕೈ ತನ್ನಷ್ಟಕ್ಕೆ ತಾನೇ ಬರೆಯುತ್ತದೆ. ಅವನು ಬೇಕಾದರೆ ಇನ್ನೊಂದು ಕೈಯಲ್ಲಿ ಮಿರ್ಚಿ ಭಜಿ ತಿನ್ನಬಹುದು. ಆಮೇಲೆ ಆ ತಂತಿಗಳು ಚರ್ಮದ ಒಳಗೇ ಹೋದವು, ಕಣ್ಣಿಗೆ ಕಾಣದಾದವು. ಆಗ ಸರಕಾರ ಕಾಯ್ದೆ ಮಾಡಿ ‘ಕೈಗುರುತು’ ಯಂತ್ರ ತಂದಿತು. ಕಲೆಯ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರೆಲ್ಲ ಅದರ ಮುಂದೆ ಕೂತು ತಾವು ಮನುಷ್ಯರೆಂದು ತೋರಿಸಬೇಕು.

ಯಂತ್ರ ದಡ್ಡನಲ್ಲ. ಬದುಕಿರುವವರ ಕೈ ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲ ನಡುಗುತ್ತದೆ, ಕಣ್ಣಿಗೆ ಗೊತ್ತಾಗದಷ್ಟು ಸಣ್ಣಗೆ. ಪಟ್ಟಿ ಆ ನಡುಕವನ್ನು ಕೇಳಿಸಿಕೊಳ್ಳುತ್ತದೆ. ಕುಂಚದ ಒತ್ತು, ನಡುನಡುವೆ ನಿಂತ ಹೊತ್ತು, ಯಾವ ಗೆರೆಯ ಹಿಂದೆ ಯಾವ ಗೆರೆ ಬಂತು, ಎಲ್ಲವನ್ನೂ ಅಳೆಯುತ್ತದೆ. ಕೊನೆಗೆ ನಾಡಿನ ಕೈತೊಗಲುಗಳೆಲ್ಲ ಬಳಸುವ ಚಲನೆಗಳ ಉಗ್ರಾಣವೊಂದು ಅದರ ಹೊಟ್ಟೆಯಲ್ಲಿದೆ; ಅದರ ಜೊತೆ ತಾಳೆ ನೋಡುತ್ತದೆ. ತಾಳೆಯಾದರೆ ಕೆಂಪು ದೀಪ. ಅದು ಕೈಯನ್ನು ನಂಬುವುದಿಲ್ಲ, ಕೈ ಆಡಿದ ರೀತಿಯನ್ನು ಮಾತ್ರ ನೋಡುತ್ತದೆ. ನಾನು ಅದರ ಚಾಕರಿಯವ. ಹುಲಕೋಟಿ ಕಡೆಯ ಒಂದು ಹಳ್ಳಿಯ ಸಾಲಿಯಲ್ಲಿ ಏಳನೆಯವರೆಗೆ ಕಲಿತು, ರೇಡಿಯೋ, ಕ್ಯಾಮೆರಾ ಬಿಚ್ಚಿ ಜೋಡಿಸಿ ಇಲ್ಲಿಗೆ ಬಂದವನು. ಫಕ್ಕೀರಪ್ಪ ಎಂದು ನನ್ನ ಹೆಸರು. ಕೇಂದ್ರದಲ್ಲಿ ಯಾರೂ ಆ ಹೆಸರು ಹಿಡಿದು ಕರೆಯುವುದಿಲ್ಲ, “ಮಷೀನಿನಾಂವ” ಎನ್ನುತ್ತಾರೆ.

*

ಸಹಜದೋಷದ ಕ್ಲಾಸು ಬೆಳಿಗ್ಗೆ ಹತ್ತಕ್ಕೆ. ಹಳೆಯ ಹತ್ತಿ ಗಿರಣಿಯ ಉದ್ದನೆಯ ಶೆಡ್ಡಿನಲ್ಲಿ ಅರವತ್ತು ಎಳೆಯರು ಸಾಲಾಗಿ ಕೂತು ಮನುಷ್ಯರಾಗುವುದನ್ನು ಕಲಿಯುತ್ತಾರೆ. ಕಲಿಸುವವನು ದೇಸಾಯಿಯೇ. ಮೊದಲ ವಾರ ನಡುಕ, ಎರಡನೆಯ ವಾರ ಅನುಮಾನ, ಮೂರನೆಯ ವಾರ ಪಶ್ಚಾತ್ತಾಪ. ಪಶ್ಚಾತ್ತಾಪ ಎಂದರೆ ಬರೆದದ್ದನ್ನು ಒರೆಸಿ ಮತ್ತೆ ಅದನ್ನೇ ಬರೆಯುವುದು.

“ಗೆರಿ ಅರ್ಧಕ್ಕ ಬಂತಾ? ನಿಲ್ಲರಿ. ಏನೋ ನೆನಪಾದವರಂಗ ಮ್ಯಾಲೆ ನೋಡ್ರಿ. ಈಗ ತುಸು ಎಡಕ್ಕ ಜಾರ್ರಿ. ಹಾಂ, ಸಹಜ ಜಾರಬೇಕು, ಸಹಜ!”

ಅರವತ್ತು ಕತ್ತುಗಳು ಒಟ್ಟಿಗೆ ತಗಡಿನ ಮಾಡು ನೋಡುತ್ತವೆ. ಅರವತ್ತು ಕೈಗಳು ಒಟ್ಟಿಗೆ ಎಡಕ್ಕೆ ಜಾರುತ್ತವೆ. ದಂಡಿನ ಕವಾಯತು ಇದಕ್ಕಿಂತ ಸಡಿಲ ಇದ್ದೀತು.

ಒಳ್ಳೆಯ ಅಂಕ ಬರಲೆಂದು ಇವರು ಮಾಡುವ ಸರ್ಕಸ್ಸು ಒಂದೆರಡಲ್ಲ. ಕೆಲವರು ಪರೀಕ್ಷೆಯ ದಿನ ಬರಿಹೊಟ್ಟೆಯಲ್ಲಿ ಆರು ಕಪ್ಪು ಚಹಾ ಕುಡಿದು ಬರುತ್ತಾರೆ. ಒಬ್ಬ ಬೆಳಿಗ್ಗೆಯಿಂದ ನೀರಿನ ಕೊಡ ಹಿಡಿದು ಓಣಿ ಸುತ್ತಿ ತೋಳು ಸೋಲಿಸಿಕೊಂಡು ಬಂದಿದ್ದ. ಮುಂದಿನ ಸಾಲಿನ ಹುಡುಗನೊಬ್ಬನಿಗೆ ತೊಂಬತ್ನಾಲ್ಕು ಬಂತು. ಅವನಿಗೆ ಕೋಳಿ ಬರಿ ಎಂದರೆ ಬದನೆಕಾಯಿ ಬರೆಯುತ್ತಾನೆ. ಅವನ ತಾಯಿ ಕೇಂದ್ರಕ್ಕೆಲ್ಲ ಪೇಢೆ ಹಂಚಿ, “ನಮ್ಮ ಹುಡುಗನ ಕೈ ಎಷ್ಟು ಚೆಂದ ನಡುಗತೈತಿ ನೋಡ್ರಿ! ಸಣ್ಣಾಂವ ಇದ್ದಾಗಿಂದ್ಲೂ ಹಂಗ,” ಎಂದು ಕಣ್ಣಲ್ಲಿ ನೀರು ತಂದಳು. ನಾನೂ ಪೇಢೆ ತಿಂದೆ.

ಜೈಬು ನಪಾಸಾದ ಮೂರನೆಯ ದಿನ ಬಂದಳು. ಹಿಂದಿನ ಸಾಲಿನಲ್ಲಿ ಕೂತಳು. ನಡುಗುವ ಗೆರೆ ಎಳೆ ಎಂದರೆ ಎಳೆದಳು. ದೇಸಾಯಿ ಹತ್ತಿರ ಹೋಗಿ ಬಗ್ಗಿ ನೋಡಿದ. ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಇಳಕಲ್ ಸೀರೆಯ ದಡಿಯಂತೆ ಒಂದೇ ಸಮನೆ ಸಣ್ಣ ಸಣ್ಣ ಅಲೆ.

“ಇದು ನಡುಕ ಅಲ್ಲ. ಇದು ಡಿಸೈನು.”

“ನಡುಗು ಅಂದ್ರಿ, ನಡುಗೀನಿ. ಸೊಟ್ಟ ನಡುಗು ಅನ್ನಲಿಲ್ಲ.”

“ಮನುಷ್ಯಾರ ಹಂಗ ನಡುಗು!”

“ನಾ ಯಾರಂಗ ಕಾಣಾಕತ್ತೀನ್ರಿ ನಿಮಗ?”

ಶೆಡ್ಡು ನಕ್ಕಿತು. ದೇಸಾಯಿ ಅವಳನ್ನು ಹೊರಗೆ ನಿಲ್ಲಿಸಿದ. ನನಗೂ ಅವಳ ಮೇಲೆ ಸಿಟ್ಟೇ ಇತ್ತು, ನನ್ನ ಪಟ್ಟಿ ಕುಕ್ಕಿದವಳು. ಆದರೆ ಆ ಅಲೆಯ ಗೆರೆ ನೋಡಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಮಧ್ಯಾಹ್ನ ಊಟ ಬಿಟ್ಟು ಅವಳ ಎರಡೂ ಪರೀಕ್ಷೆಗಳ ಒಳಲೆಕ್ಕ ತೆರೆದೆ. ಅದನ್ನು ಯಾರೂ ನೋಡುವುದಿಲ್ಲ. ದೇಸಾಯಿಗೆ ಹಸಿರು ಕೆಂಪು ಮಾತ್ರ ಗೊತ್ತು. ನಡುಕದಲ್ಲಿ ಅವಳಿಗೆ ಅರವತ್ತೆಂಟು ಇತ್ತು. ಒತ್ತಿನಲ್ಲಿ ಎಪ್ಪತ್ತು. ಅವಳ ಕೈ ನಡುಗುತ್ತಿತ್ತು, ಎಲ್ಲರ ಕೈಯಂತೆಯೇ. ಅವಳನ್ನು ಕೆಡವಿದ್ದು ತಾಳೆ. ಉಗ್ರಾಣದ ಚಲನೆಯೊಂದರ ಜೊತೆ ಅವಳ ಕೈ ನೂರಕ್ಕೆ ತೊಂಬತ್ತೆಂಟು ಹೊಂದುತ್ತಿತ್ತು. ಆ ಕಡತಕ್ಕೆ ‘ಗದಗ-ಏಳು’ ಎಂದು ಹೆಸರು. ತೀರಾ ಹೊಂದಿದ್ದು ಒಂದೇ ಅಕ್ಷರದಲ್ಲಿ, ‘ಷ’ದಲ್ಲಿ. ಮೊದಲು ಒಳಗಿನ ಹೊಟ್ಟೆಗೆರೆ, ಆಮೇಲೆ ಅದರ ಸುತ್ತ ‘ಪ’. ನಾವೆಲ್ಲ ಮೊದಲು ‘ಪ’ ಬರೆದು ಆಮೇಲೆ ಹೊಟ್ಟೆ ಸೀಳುತ್ತೇವೆ. ಯಾವ ಸಾಲಿಯ ಮಾಸ್ತರನೂ ಹೀಗೆ ತಿರುವುಮುರುವು ಕಲಿಸುವುದಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದವಳನ್ನು ಕೇಳಿದೆ. “ಷ ಹಿಂಗ ಬರಿ ಅಂತ ಯಾರು ಕಲಿಸಿದರು ನಿನಗ?”

“ನಮ್ಮ ಅಬ್ಬಾ. ಯಾಕ, ಅದಕ್ಕೂ ನಿಮ್ಮ ಪರ್ಮಿಶನ್ ಬೇಕೇನು?”

“ಬಾಯಿ ಮುಚ್ಚು. ಸಂಜೀಕ ನಿಮ್ಮ ಮನಿಗೆ ಬರ್ತೀನಿ ಅಂತ ಹೇಳು.”

*

ಮನೆ ಬೆಟಗೇರಿಯಲ್ಲಿ. ರಾಜೇಸಾಬ ನದಾಫ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಮೂವತ್ತು ವರ್ಷ ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಸಹಕಾರಿ ಸಂಘದ ಗೋಡೆ ಬರೆದವನು. ಮೂಲೆಯಲ್ಲಿ ‘ರಾಜು ಆರ್ಟ್ಸ್, ಗದಗ’ ಎಂದು ಹಾಕುತ್ತಿದ್ದ. ಈಗ ಕಾಯಿಲೆಯಿಂದ ಅವನ ಎರಡೂ ಕೈ ತಟತಟ ನಡುಗುತ್ತಿದ್ದವು. ಚಹಾದ ಬಸಿಯನ್ನು ಮಗಳೇ ಹಿಡಿದು ಕುಡಿಸಿದಳು. ನಮ್ಮ ಯಂತ್ರದ ಮುಂದೆ ಅವನನ್ನು ಕೂಡಿಸಿದ್ದರೆ ನೂರಕ್ಕೆ ನೂರು ಬರುತ್ತಿತ್ತು.

“ಹೊಟ್ಟೆಗೆರಿ ಕತಿ ಕೇಳಾಕ ಬಂದೀರೇನು?” ಎಂದು ನಕ್ಕ. “ನನಗಾಗ ಹದಿನೇಳು ವರ್ಷ. ಮೊದಲನೇ ದೊಡ್ಡ ಬೋರ್ಡು. ‘ನ್ಯೂ ಮಾಡರ್ನ್ ಕಟಿಂಗ್ ಷಾಪ್’. ಬರದೆ, ನೆರಳು ಹಾಕಿದೆ, ಏಣಿ ಇಳದೆ. ಮಂದಿ ನಿಂತು ನಗಾಕತ್ತಿದರು. ಷ ದಾಗ ಹೊಟ್ಟೆಗೆರಿ ಮರತಿದ್ದೆ. ‘ಕಟಿಂಗ್ ಪಾಪ್’!”

“ಅಂಗಡಿಯಾಂವ ಏನಂದ?”

“ಏನಂತಾನ? ಕತ್ರಿ ಹಿಡಕೊಂಡ ಬಂದ. ‘ನನ್ನ ದುಡಿಮಿಗೆ ಪಾಪ ಅಂತ ಬರೀತಿ ಏನಲೇ’ ಅಂತ ಬಸ್‌ಸ್ಟ್ಯಾಂಡ್ ತನಕ ಬೆನ್ನ ಹತ್ತಿದ. ಅವತ್ತು ಮನಸಿನ್ಯಾಗ ಆಣಿ ಮಾಡಿದೆ. ಷ ಬಂದ್ರ ಹೊಟ್ಟಿ ಮೊದಲು, ಮೈ ಆಮ್ಯಾಲೆ. ಮುಂದ ಎಂದೂ ತಪ್ಪಲಿಲ್ಲ. ಇಕಿಗೂ ಹಂಗ ಕಲಿಸೀನಿ. ಇನ್ನೊಬ್ಬರು ಹಂಗ ಬರಿಯೂದಿಲ್ಲ ಬಿಡ್ರಿ. ನನಗೊಬ್ಬನಿಗೆ ಹತ್ತಿದ ರೋಗ ಅದು.”

“ಬರೀತಾರ,” ಎಂದೆ. “ನಾಡಿನಾಗಿನ ಕೈತೊಗಲೆಲ್ಲಾ ಹಂಗ ಬರೀತಾವ.”

ಅವನಿಗೆ ಅರ್ಥವಾಗಲಿಲ್ಲ. ನನಗೆ ಆಗತೊಡಗಿತ್ತು. ಒಳಗೆ ಗೋಡೆಯ ಮೇಲೆ ಒಂದು ಫೋಟೋ ಕಂಡಿತು. ರಾಜೇಸಾಬ ಹೆಗಲ ಮೇಲೆ ಶಾಲು ಹೊದ್ದು, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದ. ಅಕ್ಕಪಕ್ಕ ಇಸ್ತ್ರಿ ಅಂಗಿಯ ನಾಲ್ಕು ಜನ. ಅವನ ಬಲಗೈ ತುಂಬ ಬೆಳ್ಳಿಯ ಬಣ್ಣದ ಗುಂಡಿಗಳು ಅಂಟಿಕೊಂಡಿದ್ದವು.

“ಹನ್ನೆರಡು ವರ್ಷ ಆತು,” ಎಂದ ಅವನು. “ಕನ್ನಡ ಅಕ್ಷರ ಉಳಸ್ತೀವಿ ಅಂತ ಯಾರೋ ಬಂದಿದ್ರು. ಮೂರು ದಿನ ಎಲ್ಲಾ ಅಕ್ಷರ ಬರಿಸಿಕೊಂಡರು. ಛಲೋ ಮಂದಿ. ಶಾಲು ಹೊಚ್ಚಿದರು.”

“ಅವರ ಜೋಡಿ ಒಬ್ಬ ಅಣ್ಣ ಬಂದಿದ್ದ,” ಎಂದಳು ಜೈಬು. “ಉಳಿದ ಗುಂಡಿ ನನಗ ಕೊಟ್ಟಿದ್ದ. ನಾ ಅವನ್ನ ಆಡಿಗೆ ಹಚ್ಚಿ ಬೈಸಿಕೊಂಡಿದ್ದೆ.”

ಫೋಟೋದ ಬಲ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಒಂದು ಭುಜವಿತ್ತು. ಚೌಕಳಿ ಅಂಗಿ, ಕೈಯಲ್ಲಿ ಗುಂಡಿಯ ಡಬ್ಬಿ. ಆ ಅಂಗಿ ನನ್ನದು. ಆ ವರ್ಷ ಒಂದು ಕಂಪನಿಯವರ ಹಿಂದೆ ಊರೂರು ತಿರುಗಿ ಕುಂಬಾರ, ಬಡಿಗ, ಪೇಂಟರುಗಳ ಕೈಗೆ ಚಲನೆ ಹಿಡಿದಿಡುವ ಗುಂಡಿ ಹಚ್ಚುವ ಕೆಲಸ ಮಾಡಿದ್ದೆ. ಮೂವತ್ತು ಊರು, ನೂರಾರು ಕೈ. ಯಾರ ಮುಖವೂ ನೆನಪಿಲ್ಲ. ಕೂದಲು ಬಹಳ ಇದ್ದ ಕೈಗೆ ಅಂಟು ಹಿಡಿಯುವುದಿಲ್ಲ ಎನ್ನುವುದು ಮಾತ್ರ ನೆನಪಿದೆ. ಅಕ್ಷರ ಉಳಿಸುತ್ತೇವೆ ಎಂದಿದ್ದರು. ಉಳಿಸಿದರು. ಅದನ್ನು ತಂತಿಗೆ ತುಂಬಿ ಕೋಳಿ ಬರೆಯಲು ಬಾರದವರ ತೋಳಿಗೆ ಇಳಿಸಿದರು.

“ಆ ಗುಂಡಿ ಹಚ್ಚಿದಾಂವ ನಾನ,” ಎಂದೆ.

ಜೈಬು ನನ್ನ ಮುಖ ನೋಡಿದಳು. ನಾನು ಎಲ್ಲಾ ಹೇಳಿದೆ: ಉಗ್ರಾಣ, ಗದಗ-ಏಳು, ತೊಂಬತ್ತೆಂಟು. ಅವಳು ಅಪ್ಪನಂತೆ ಬರೆಯುತ್ತಾಳೆ, ಯಂತ್ರಗಳೂ ಅವಳ ಅಪ್ಪನಂತೆ ಬರೆಯುತ್ತವೆ, ಆದ್ದರಿಂದ ಅವಳು ಯಂತ್ರ. ರಾಜೇಸಾಬ ತನ್ನ ಕೈಗಳನ್ನು ತೊಡೆಯ ಮೇಲೆ ಒತ್ತಿ ಹಿಡಿದ. ಅವು ಅಲ್ಲೂ ಸುಮ್ಮನಿರಲಿಲ್ಲ.

“ಅಂದ್ರ ನಾಡಿನ ಮಂದಿ ಎಲ್ಲಾ ನನ್ನ ಕೈಲೆ ಬರಿಯಾಕತ್ತಾರ,” ಎಂದ. ಮೊದಲು ಅವನ ಮುಖದಲ್ಲಿ ಸಣ್ಣ ಹೆಮ್ಮೆ ಬಂತು. ಆಮೇಲೆ ಅದು ಹೋಯಿತು. “ನನ್ನ ಮಗಳೊಬ್ಬಾಕಿ ಮಾತ್ರ ಬರೀಬಾರದು.”

*

ಮರುದಿನ ದೇಸಾಯಿಯನ್ನು ಯಂತ್ರದ ಕೋಣೆಗೆ ಕರೆದು ಎರಡೂ ಚಲನೆಗಳನ್ನು ಅಕ್ಕಪಕ್ಕ ಓಡಿಸಿದೆ. ಎಡಕ್ಕೆ ಹನ್ನೆರಡು ವರ್ಷದ ಹಿಂದಿನ ಅಪ್ಪ, ಬಲಕ್ಕೆ ನಾಲ್ಕು ದಿನದ ಹಿಂದಿನ ಮಗಳು. ಎರಡು ಬೆಳಕಿನ ಚುಕ್ಕೆಗಳು ಒಟ್ಟಿಗೆ ಇಳಿದವು, ಒಟ್ಟಿಗೆ ಹೊಟ್ಟೆಗೆರೆ ಎಳೆದವು, ಒಟ್ಟಿಗೆ ತಿರುಗಿದವು. ನಾನು ಮತ್ತೊಂದು ಸಲ ಓಡಿಸಿದೆ. ದೇಸಾಯಿ ಆಕಳಿಸಿದ.

“ಹಂಗಾದ್ರ ಯಂತ್ರ ಖರೇನ ಹೇಳ್ಯದ ನೋಡು. ಆಕಿ ಕೈ ಉಗ್ರಾಣದಾಗ ಅದ.”

“ಉಗ್ರಾಣ ತುಂಬಿದ್ದ ಅವರ ಮನಿಯಿಂದ್ರಿ ಸರ್!”

“ಆ ಮನಷ್ಯಾ ಕಾಗದಕ್ಕ ಸಹಿ ಮಾಡ್ಯಾನ.” ಗಣಕದಲ್ಲಿ ಹುಡುಕಿ ಆ ಒಪ್ಪಿಗೆಪತ್ರವನ್ನು ತೆಗೆದ. ಕೆಳಗೆ ಸಹಿಯ ಜಾಗದಲ್ಲಿ ದಪ್ಪ ಅಕ್ಷರದಲ್ಲಿ, ಕೆಳಗೊಂದು ಬಳ್ಳಿ ಹಾಕಿ, ‘ರಾಜು ಆರ್ಟ್ಸ್, ಗದಗ’ ಎಂದಿತ್ತು.

“ಇದು ಸಹಿ ಅಲ್ರೀ, ಬೋರ್ಡು.”

“ಕಾಯ್ದೆಗೆ ಎರಡೂ ಒಂದ.”

“ಉಗ್ರಾಣದಿಂದ ಆ ಒಂದು ಕಡತ ತಗದ ಹಾಕಿದ್ರ ಮುಗೀತು. ಆಕಿ ಪಾಸಾಗ್ತಾಳ.”

“ಆಕಿ ಪಾಸಾಗ್ತಾಳ. ಅದೇ ಕಡತ ನಂಬಿಕೊಂಡ ಸಾವಿರಾರು ಕಳ್ಳ ತೊಗಲೂ ಪಾಸಾಗ್ತಾವ. ಆಮ್ಯಾಲೆ ಯಾರ ನೌಕರಿ ಹೋಗ್ತದ? ನಂದಾ, ನಿಂದಾ?” ಅವನು ನನ್ನ ಭುಜ ತಟ್ಟಿದ. “ಅಪ್ಪನ ಕೈ ಮಗಳಿಗೆ ಬರ್ತದ ಅಂತ ನಿಯಮದಾಗ ಎಲ್ಲೂ ಬರದಿಲ್ಲ, ಫಕ್ಕೀರಪ್ಪ. ಆದ್ರ ಬಲಗೈಲೇ ಬರೀಬೇಕು ಅಂತನೂ ಬರದಿಲ್ಲ. ಎಡಗೈಲೆ ಬರೀಲಿ.”

“ಎಡಗೈ ಆಕಿಗೆ ಬರೂದಿಲ್ಲ.”

“ಅದಕ್ಕ ಹೇಳಿದ್ದು.”

ಆಗ ನಾನು ಕುರ್ಚಿ ಎತ್ತಿ ಒಗೆಯಬೇಕಿತ್ತು. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಎತ್ತಿ ಒಗೆಯುವವನು ನಾನು. ಅಲ್ಲಿ ಮಾತ್ರ “ಆತ್ರಿ ಸರ್” ಎಂದೆ. ಎರಡು ವರ್ಷದಲ್ಲಿ ಮೊದಲ ಸಲ ಅವನು ನನ್ನ ಹೆಸರು ಹಿಡಿದು ಕರೆದಿದ್ದ. ಅಷ್ಟಕ್ಕೇ ಸಿಟ್ಟು ಇಳಿಯಿತೆಂದರೆ ಅದು ಎಂಥ ಸಿಟ್ಟು!

ಎಡಗೈಯ ಮಾತನ್ನು ಅವಳಿಗೆ ಮುಟ್ಟಿಸಿದವನೂ ನಾನೇ. ಬೇವಿನ ಗಿಡದ ಕೆಳಗೆ ಹೇಳಿದೆ. ಬೈದಾಳು ಎಂದುಕೊಂಡಿದ್ದೆ, ಬೈಯಲಿಲ್ಲ.

“ಮುದ್ರಿ ಎಡಗೈ ಹೆಸರಲೆ ಬರತೈತಿ, ಹೌದಿಲ್ಲೋ ಕಾಕಾ?”

“ಹೌದು. ಮಾರೂದೂ ಎಡಗೈಲೆ ಬರದದ್ದನ್ನ ಅಷ್ಟ ಮಾರಬೇಕು.”

“ಅಕ್ಷರಪುಸ್ತಕ?”

“ಅದೂ.”

ಅವಳು ತನ್ನ ಎಡಗೈಯನ್ನು ಎತ್ತಿ, ಯಾರದೋ ಕೈ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದಳು. “ಮೊದಲು ಪಾಸಾಗೂನು. ಆಮ್ಯಾಲೆ ಅವರ ಕೂಡ ಮಾತಾಡಿ ನೋಡೂನು,” ಎಂದಳು. ಅವಳ ಬಾಯಲ್ಲಿ ಅಂಥ ಮೆತ್ತನೆಯ ಮಾತು ಕೇಳಿ ನನಗೆ ಮೈ ಉರಿಯಿತು. ನನ್ನ ಮೇಲೇ ಉರಿಯಿತು.

*

ಮೂರನೆಯ ಪರೀಕ್ಷೆ ಮಧ್ಯಾಹ್ನ ಮೂರು ಗಂಟೆಗೆ. ಎಡ ಮಣಿಕಟ್ಟಿಗೆ ಪಟ್ಟಿ ಕಟ್ಟಿದೆ. ಅವಳು ಮನೆಯಿಂದ ತನ್ನದೇ ಕುಂಚ ತಂದಿದ್ದಳು, ಅಪ್ಪನ ಹಳೆಯ ಕುಂಚ, ಹಿಡಿಕೆ ಬೆರಳಿನ ಗುರುತಿಗೆ ಸವೆದದ್ದು. ಅದನ್ನು ಕೆಂಪು ಬಣ್ಣದಲ್ಲಿ ಅದ್ದಿ ಹಲಗೆಗೆ ಹಚ್ಚಿದಳು.

‘ಮ’ದ ಹೊಟ್ಟೆ ಒಂದು ಕಡೆ ಜೋತುಬಿತ್ತು. ‘ನು’ವಿನ ಕೊಂಬು ಎಲ್ಲಿಗೋ ಹೋಗಿ ಎಲ್ಲೋ ನಿಂತಿತು. ಆ ಕೈ ಮೊದಲು ‘ಪ’ ಬರೆಯಿತು. ಆಮೇಲೆ ನೆನಪು ಮಾಡಿಕೊಂಡು ಒಳಗೆ ಗೆರೆ ಗೀಚಿತು. ಯ ಒತ್ತು ಹಲಗೆಯ ಅಂಚಿಗೆ ಬಂದು ಸಿಕ್ಕಿಹಾಕಿಕೊಂಡಿತು. ಬಣ್ಣ ಸೋರಿ ಕೆಳಗೆ ಇಳಿಯಿತು. ಬರೆದು ಮುಗಿಸುವ ಹೊತ್ತಿಗೆ ಅವಳ ಮೇಲ್ತುಟಿಯ ಮೇಲೆ ಬೆವರು ಇತ್ತು. ಹಲಗೆಯ ಮೇಲಿನ ‘ಮನುಷ್ಯ’ ಕುಡಿದು ಗಟಾರಕ್ಕೆ ಬಿದ್ದವನಂತೆ ಕಾಣುತ್ತಿದ್ದ.

ಹಸಿರು ದೀಪ ಹತ್ತಿತು. ಎಂಬತ್ತೆಂಟು.

ದೇಸಾಯಿ ಚಪ್ಪಾಳೆ ತಟ್ಟಿದ. “ನೋಡಿದ್ಯಾ? ಮೊದಲ ದಿನಾನ ಹಿಂಗ ಮಾಡಿದ್ರ ಇಷ್ಟು ರಗಳೆ ಇತ್ತೇನು? ನೀ ಈಗ ಮನುಷ್ಯಾಳು. ಅಧಿಕೃತ!” ಅಲ್ಲಿಯೇ ಧಾರವಾಡಕ್ಕೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟ. ಪ್ರಕಾಶಕರು ಹಲಗೆಯ ಫೋಟೋ ನೋಡಿ ಕೂಗಿಕೊಂಡರು, “ವಾಹ್! ಏನು ಜೀವ ಅದ ಇದರಾಗ! ಈಗ ಮಂದಿಗೆ ಇದೇ ಬೇಕು. ಅಕ್ಷರಪುಸ್ತಕ ಇದೇ ಕೈಲೆ ಬರೀಲಿ, ಎಲ್ಲಾ ಪುಟ ಹಿಂಗ ಇರಬೇಕು.”

ಜೈಬು ಫೋನಿನ ಹತ್ತಿರ ಬಗ್ಗಿದಳು. “ಸರ್, ಒಂದನೇ ಇಯತ್ತೆ ಹುಡುಗರು ಇದರ ಮ್ಯಾಲೆ ಬೆರಳಾಡಿಸಿ ಬರಿಯಾಕ ಕಲೀತಾರ.”

“ಹೌದವಾ, ಅದಕ್ಕ ಪುಸ್ತಕ.”

“ಇದರ ಮ್ಯಾಲೆ ಆಡಿಸಿದ್ರ ಅವರಿಗೆ ಹಿಂಗ ಬರತೈತಿ. ಇದು ಮ ಅಲ್ಲ. ಇದು ಷ ಅಲ್ಲ. ಮೊದಲನೇ ಅಕ್ಷರ ಕೈಯಾಗ ಕೂತ್ರ ಏಳೂದಿಲ್ರಿ. ನಮ್ಮ ಅಬ್ಬಾಗ ಹದಿನೇಳಕ್ಕ ಕೂತದ್ದು ಇನ್ನೂ ಎದ್ದಿಲ್ಲ.”

ಪ್ರಕಾಶಕರು ಏನೋ ಹೇಳಹೊರಟರು. ದೇಸಾಯಿ ನಡುವೆ ಬಾಯಿ ಹಾಕಿದ. “ಕಲೀಲಿ ಬಿಡವಾ! ಸೊಟ್ಟ ಕಲತ್ರ ಛಲೋನ ಆತಲ್ಲ. ನಾಳೆ ದೊಡ್ಡವರಾಗಿ ಇಲ್ಲಿಗೆ ಬಂದಾಗ ಒಂದ ಸಲಕ್ಕ ಪಾಸಾಗ್ತಾರ. ಕ್ಲಾಸೂ ಬೇಕಾಗೂದಿಲ್ಲ.”

ಅವನು ನಕ್ಕ. ಫೋನಿನ ಆಚೆ ಪ್ರಕಾಶಕರೂ ನಕ್ಕರು. ಅದು ಹಾಸ್ಯ ಎಂದು ಇಬ್ಬರೂ ತಿಳಿದಿದ್ದರು. ಜೈಬು ಹಲಗೆಯ ಕಡೆ ಒಂದು ಸಲ ನೋಡಿದಳು. ಎಡಗೈಯ ಪಟ್ಟಿಯನ್ನು ಬಿಚ್ಚಿ, ಈ ಸಲ ಕುಕ್ಕದೆ, ನನ್ನ ಅಂಗೈಯಲ್ಲಿ ಇಟ್ಟಳು. ಕುಂಚವನ್ನು ಬಲಗೈಗೆ ತೆಗೆದುಕೊಂಡಳು.

“ಕಾಕಾ, ಕುಂಚ ಒಣಗಿದ್ರ ಕೆಡತೈತಿ. ತೊಳಕೊಂಡ ಬರ್ತೀನಿ.”

“ಹೋಗು, ಹೋಗಿ ಬಾ,” ಎಂದ ದೇಸಾಯಿ ಫೋನಿನಿಂದ ಮುಖ ಎತ್ತದೆ.

ಅಂಗಳದಲ್ಲಿ ನಳ ಬಿಟ್ಟ ಸದ್ದು ಕೇಳಿತು. ಸಾಕಷ್ಟು ಹೊತ್ತು ನೀರು ಬಿತ್ತು, ನಿಂತಿತು. ಇತ್ತ ಯಂತ್ರ ಕಿರ್ರೆಂದು ಅವಳ ಪ್ರಮಾಣಪತ್ರವನ್ನು ಹೊರಹಾಕಿತು: ‘ಜೈಬುನ್ನಿಸಾ ರಾಜೇಸಾಬ ನದಾಫ, ಮನುಷ್ಯ, ಎಡಗೈ.’

“ಕರಿ ಆಕಿನ್ನ,” ಎಂದ ದೇಸಾಯಿ. “ಹಲಿಗಿ ಜೋಡಿ ಒಂದು ಫೋಟೋ ತಗಿಯೂಣು.”

ಹೊರಗೆ ಹೋದೆ. ನಳ ಒಂದು ಹನಿಯೂ ಸೋರದಂತೆ ಬಿಗಿಯಾಗಿತ್ತು. ಕಲ್ಲಿನ ಮೇಲಿಂದ ಕೆಂಪು ನೀರು ಮೋರಿಗೆ ಇಳಿಯುತ್ತಿತ್ತು. ಗೇಟು ಅರ್ಧ ತೆರೆದಿತ್ತು. ರಸ್ತೆಯ ಎರಡೂ ಕಡೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

“ಬಂದಳೇನು?” ಎಂದು ಒಳಗಿನಿಂದ ಕೂಗಿದ.

“ಇಲ್ರಿ.”

“ಎಷ್ಟೊತ್ತು ತೊಳೀತಾಳಾ ಕುಂಚ! ಬರ್ತಾಳ ತಡಿ. ಪಾಸಾಗ್ಯಾಳ, ಎಲ್ಲಿ ಹೋಗ್ತಾಳ?”

ಕೇಂದ್ರದ ಬಾಗಿಲು ಹಾಕುವ ತನಕ ಕಾದ. ಅವಳು ಬರಲಿಲ್ಲ. ಪ್ರಮಾಣಪತ್ರ ಒಯ್ಯಲು ಮರುದಿನವೂ ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ.